ಕನ್ನಡದಲ್ಲಿ ಗೊಣಗಿ ಕೆಟ್ಟೆ

ಪರಭಾಷೆಯ ಊರಿನಲ್ಲಿರುವ ದೊಡ್ಡ ಸುಖವೆಂದರೆ, ಯಾರ ಎದುರಿಗೇ ಆಗಲಿ ಅವರ ಬಗ್ಗೆಯೇ ಗೊಣಗಬಹುದು. ತರಕಾರಿಯವನ ತಕ್ಕಡಿಯಿಂದ ಸಾಹೇಬರ ಬೋಳುತಲೆಯವರೆಗೆ ಎಲ್ಲದರ ಮೇಲೂ ಪುಣೆಯಲ್ಲಿ ನಾನು ಕನ್ನಡದಲ್ಲಿ ಟೀಕೆ ಮಾಡಿ ಹಗುರಾಗಿದ್ದೇನೆ. ಚದುರಂಗದಲ್ಲಂತೂ ಬಾಯಿ ಆಡದೆ ನನಗೆ ಕೈ ಆಡುವುದಿಲ್ಲ. ಮುಂದೇನು ಎಂಬುದನ್ನು ಗೊಣಗಿಯೇ ಕಾಯಿ ಎತ್ತುತ್ತೇನೆ. ಸ್ವಾರಗೇಟ ಹತ್ತಿರದ ನಮ್ಮ ಕ್ಲಬ್ಬಿನ ಮರಾಠಿ ಗೆಳೆಯರು ಅದನ್ನು ಯಾವುದೋ ಸ್ತೋತ್ರವೆಂದು ತಿಳಿದು ಭಕ್ತಿಯಿಂದ ಸುಮ್ಮನಿರುತ್ತಾರೆ.

ಕಳೆದ ತಿಂಗಳು ಜೋಶಿಯವರ ಜೊತೆ ಆಟವಿತ್ತು. ಕ್ಲಬ್ಬಿಗೆ ನಾವಿಬ್ಬರೇ ಗಟ್ಟಿ ಆಟಗಾರರು. ನಮ್ಮ ಮಾತುಕತೆಯೆಲ್ಲ ಮರಾಠಿಯಲ್ಲಿ. ಗೆದ್ದವರು ಊರಿನ ಪಂದ್ಯಾವಳಿಯಲ್ಲಿ ಕ್ಲಬ್ಬಿನ ಮೊದಲ ಬೋರ್ಡಿಗೆ ಕೂರಬೇಕು. ವರ್ಷಗಟ್ಟಲೆ ಅಲ್ಲಿ ಅವರೇ ಕೂತಿದ್ದರು. ಆ ಕುರ್ಚಿಯ ಮೇಲೆ ನನಗೆ ಬಹಳ ಆಸೆ. ಆದರೆ ನನ್ನ ಪ್ರತಿ ಹೂಟಕ್ಕೂ ಅವರು ಮೊದಲೇ ಬಾಗಿಲು ಹಾಕುತ್ತಿದ್ದರು; ಎಂಥ ದೂರದೃಷ್ಟಿ ಎಂದು ಬೆರಗಾಗುತ್ತಿದ್ದೆ. ಕೊನೆಗೊಮ್ಮೆ ನನ್ನ ರಾಣಿ ಅವರ ರಾಜನನ್ನು ಮೂಲೆಗೆ ಒತ್ತಿದಾಗ ಜೋಶಿ ಹಣೆ ಹಿಡಿದುಕೊಂಡು, "ಅಯ್ಯ ದೇವ್ರೇ, ಸಿಕ್ಕೊಂಡ್ನಲ್ಲಪಾ!" ಎಂದರು.

ನಾನು ಬೋರ್ಡು ಬಿಟ್ಟು ಅವರ ಮುಖ ನೋಡಿದೆ. "ನಿಮಗ ಕನ್ನಡ ಬರ್ತದೇನ್ರಿ?"

"ನಮ್ಮ ತಾಯಿ ತೌರಮನಿ ಗದಗ ರೀ. ನೀವು ಯಾವತ್ತೂ ಕೇಳೇ ಇಲ್ಲಲ್ರಿ!"

ಹಿಂದೊಮ್ಮೆ ಅವರ ಮೂಗಿನ ಬಗ್ಗೆ ಗೊಣಗಿದ್ದೂ ನೆನಪಾಗಿ ಕಿವಿ ಬಿಸಿಯಾಯಿತು. ಆದರೂ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲ? ನನ್ನ ಆನೆ ನೇರವಾಗಿ ಇಳಿದರೆ ಅವರ ರಾಜನ ಕಥೆ ಮುಗಿಯುತ್ತಿತ್ತು. ಅವರು ಯೋಚಿಸುತ್ತಿರುವಾಗ, "ಇನ್ನ ಕುದುರೀನ ಹಾರಸಬೇಕು, ಕುದುರೀನ" ಎಂದು ಸ್ಪಷ್ಟವಾಗಿ ಗೊಣಗಿದೆ. ಜೋಶಿ ನಂಬಿಬಿಟ್ಟರು! ಕುದುರೆ ಬರುವ ಕಡೆಗೆ ಕಾವಲು ಹಾಕಿದರು. ಆನೆಯ ದಾರಿ ಹಾಗೇ ತೆರೆದಿತ್ತು.

ಪುಳಕದಿಂದ ಕೈ ಚಾಚಿದೆ. ನೋಡಿದರೆ ಬೆರಳುಗಳ ನಡುವೆ ಕುದುರೆ! ಬಾಯಿ ಹೇಳಿದ್ದನ್ನು ಕೇಳಿಯೇ ರೂಢಿಯಾದ ಕೈಗೆ ಇದು ಸುಳ್ಳೆಂದು ಯಾರು ಹೇಳಬೇಕು? ಮುಟ್ಟಿದ ಕಾಯಿಯನ್ನೇ ಆಡಿಸಬೇಕೆಂಬುದು ನಿಯಮ. ಕುದುರೆ ಎದ್ದ ಸಂದಿಯಲ್ಲೇ ಅವರ ರಾಣಿ ನುಗ್ಗಿ ನನ್ನ ರಾಜನನ್ನು ಮುಗಿಸಿತು. ಅಳು ಬರುವುದೊಂದು ಬಾಕಿ.

ಜೋಶಿ ನನ್ನ ಎರಡೂ ಕೈ ಹಿಡಿದುಕೊಂಡರು. "ನನಗ ಕನ್ನಡ ಬರ್ತದ ಅಂತ ಗೊತ್ತಾದ ಮ್ಯಾಲೂ ನೀವು ಸುಳ್ಳು ಹೇಳ್ಲಿಲ್ಲ ನೋಡ್ರಿ. ನುಡಿದಂಗ ನಡಿಯೋ ಮಂದಿ ಈಗ ಎಲ್ಲಿ ಸಿಗ್ತಾರ್ರಿ?"

ಅಂಥ ದೊಡ್ಡ ಮಾತನ್ನು ಅಲ್ಲಗಳೆಯುವುದು ಹೇಗೆ? ವಿನಯದಿಂದ ತಲೆ ಬಾಗಿಸಿದೆ.