ಗುಳಿಗೆಯ ಪಾರಣೆಗೆ ಮೋಸಹೋದ ಸ್ಕ್ಯಾನಿಂಗ್ ಯಂತ್ರಕ್ಕೆ

ಆದೋನಿಯ ಒಂದು ಸ್ಕ್ಯಾನಿಂಗ್ ಸೆಂಟರಿನ ಏಸಿಯ ತಂಪಿನಲ್ಲಿ ಸದಾ ವಿರಾಜಮಾನರಾಗಿದ್ದು, ಚರ್ಮ ಹರಿಯದೆಯೇ ಒಳಗಿನ ಕೀಲನ್ನು ಕಾಣಬಲ್ಲ ಅಲ್ಟ್ರಾಸೌಂಡ್ ಯಂತ್ರದವರ ದಿವ್ಯ ಸನ್ನಿಧಾನಕ್ಕೆ ಬದರಿ ಎಂಬ ಅಲ್ಪನ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಕಳೆದ ದ್ವಾದಶಿಯಂದು ತಮ್ಮ ದರ್ಶನ ಪಡೆದ ಜಯಾಬಾಯಿಯವರು ನನ್ನ ಅಜ್ಜಿ. ಕಾರ್ತಿಕದೊಳಗೆ ಲಕ್ಷ ಬತ್ತಿ ಹೊಸೆಯುವ ಸಂಕಲ್ಪ ಅವರದು. ಬೆರಳ ಗಿಣ್ಣುಗಳು ಮಾತ್ರ ಕೀಲುಸವೆತದಿಂದ ಹಸಿಶುಂಠಿಯಂತೆ ಊದಿಕೊಂಡು, ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೂ ಸೋಲುತ್ತಿವೆ. ಒಳಗೆ ಉರಿಯೂತವಿದ್ದರೆ ತಮ್ಮ ತೆರೆಯ ಮೇಲೆ ಕೆಂಪು ಕಾಣುತ್ತದೆಂದೂ, ಕಂಡರೆ ಕೀಲಿಗೇ ಇಂಜೆಕ್ಷನ್ ಕೊಡಬಹುದೆಂದೂ ತಿಳಿಸಿದ ಡಾಕ್ಟರ್ ಚೇತನಾ, "ಅಜ್ಜಿ, ಸ್ಕ್ಯಾನಿಂಗಿಗೂ ಮೊದಲ ಮೂರು ದಿನ ನೋವಿನ ಗುಳಿಗಿ ಬ್ಯಾಡ್ರಿ. ಗುಳಿಗಿ ಉರೀನ ಮುಚ್ಚಿಬಿಡ್ತೈತಿ" ಎಂದು ಕೈಮುಗಿದು ಬೇಡಿಕೊಂಡಿದ್ದರು.

ನಮ್ಮ ಮನೆಯಲ್ಲಿ ಏನನ್ನಾದರೂ ಬಿಡುವುದೆಂದರೆ ವ್ರತ. ವ್ರತವೆಂದಮೇಲೆ ಅದನ್ನು ಮುಗಿಸುವ ಪಾರಣೆ; ಪಾರಣೆಯಲ್ಲಿ ಬಿಟ್ಟ ಪದಾರ್ಥವನ್ನೇ ಮೊದಲು ಬಾಯಿಗೆ ಹಾಕಿಕೊಳ್ಳತಕ್ಕದ್ದು. ನವಮಿ, ದಶಮಿ, ಏಕಾದಶಿ ಮೂರೂ ದಿನ ನರಳುತ್ತ ಗುಳಿಗೆ ಬಿಟ್ಟ ಅಜ್ಜಿ, ದ್ವಾದಶಿಯ ಸೂರ್ಯೋದಯಕ್ಕೆ ತೀರ್ಥ ತೆಗೆದುಕೊಂಡು, "ಮೂರು ದಿನ ಮುಗದ್ವಲ್ಲೋ, ವ್ರತ ಬಿಡಲಿಕ್ಕೆ ಆ ಗುಳಿಗಿ ಕೊಡು" ಎಂದರು. ತುಳಸಿದಳದೊಡನೆ ಎರಡು ಗುಳಿಗೆಯನ್ನು ಭಕ್ತಿಯಿಂದ ಅವರ ಅಂಗೈಗೆ ಹಾಕಿದ ಪುಣ್ಯಾತ್ಮ ಯಾರೆಂಬುದು ಈ ಪತ್ರಕ್ಕೆ ಅಪ್ರಸ್ತುತ.

ಹತ್ತು ಗಂಟೆಗೆ ತಾವು ಹತ್ತೂ ಬೆರಳು ನೋಡಿ, ಒಂದು ಚುಕ್ಕೆ ಕೆಂಪನ್ನೂ ತೋರದೆ, "ಉರಿಯೂತವಿಲ್ಲ" ಎಂಬ ಅಭಯವನ್ನು ದಯಪಾಲಿಸಿದಿರಿ. ಎರಡು ಗುಳಿಗೆ ಮುಚ್ಚಿಟ್ಟದ್ದನ್ನು ಕೆದಕದೆ ಮುಚ್ಚಿದ ಹಾಗೆಯೇ ತೋರಿಸುವ ಇಂಥ ಸಜ್ಜನಿಕೆ ಈ ಕಾಲದಲ್ಲಿ ಯಾರಿಗಿದೆ, ಹೇಳಿ! ಇಂಜೆಕ್ಷನ್ ರದ್ದಾಯಿತು. ರಾಘಣ್ಣ ಕಾಕಾ ತಾವು ಕೊಟ್ಟ ವರದಿಯಿಂದ ಗಾಳಿ ಬೀಸಿಕೊಳ್ಳುತ್ತ, "ಅವ್ವಾ, ಮಿಷನ್ನೇ ಏನಿಲ್ಲ ಅಂತು. ನಡಿ, ಹೊಸಿ ಬತ್ತಿ" ಎಂದರು. "ಹಂಗಾದ್ರ ಆ ಮಿಷನ್ನಿಗೇ ಹೊಸೀಲಿಕ್ಕೆ ಹೇಳೋ, ಲಕ್ಷ ಅವ" ಎಂದು ಅಜ್ಜಿ ಒಳಗೆ ಹೋದರು. ಅಂದಿನಿಂದ ಅವರು ನೋವಿನ ಮಾತೇ ಎತ್ತಿಲ್ಲ. ಮನೆಯವರು ಅದನ್ನು ಗುಣವಾದ ಲಕ್ಷಣವೆಂದು ತಿಳಿದಿದ್ದಾರೆ.

ಆದ್ದರಿಂದ ಡಾಕ್ಟರ ಮುಂದೆ ನಿಜ ಒಪ್ಪಿಕೊಂಡು, ಬರುವ ಗುರುವಾರಕ್ಕೆ ತಮ್ಮ ಮರುದರ್ಶನ ಗೊತ್ತುಮಾಡಿಸಿದ್ದೇನೆ. ಬಿಡುವ ಕಷ್ಟ ತಮಗೂ ತಿಳಿಯಲೆಂದು, ಹಿಂದಿನ ದಿನ ಕರೆಂಟು ಮುಟ್ಟದೆ ನಿರ್ಜಲ ಉಪವಾಸವಿರಬೇಕಾಗಿ ಪ್ರಾರ್ಥನೆ. ಬಿಡುವಾದರೆ ಕಾಕಾನ ತಲೆಯನ್ನೂ ಒಮ್ಮೆ ನೋಡಿ, ಅಲ್ಲಿಯೂ ಏನಿಲ್ಲವೆಂದು ಲಿಖಿತವಾಗಿ ಕೊಡಬೇಕು.

ಗುರುವಾರದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಬದರಿ

ತಾ.ಕ.: ಈ ಸಲ ಗುಳಿಗೆಗಳನ್ನು ನಾನೇ ಬಚ್ಚಿಟ್ಟಿದ್ದೇನೆ. ಆ ಅಪರಾಧಕ್ಕಾಗಿ ಅಜ್ಜಿ ಇಂದು ಬೆಳಿಗ್ಗೆ ನನ್ನ ಕಿವಿ ಹಿಂಡಿದರು. ಚೀರಿದ್ದು ನಾನಲ್ಲ, ಅವರು. ಉರಿಯೂತ ಎಲ್ಲಿದೆಯೆಂದು ತಿಳಿಯಲು ನನಗೆ ತಾವು ಬೆರಳಿಗೆ ಹಚ್ಚಿಸುವ ಜೆಲ್ಲೂ ಬೇಕಾಗಲಿಲ್ಲ.