ಮಲ್ಲಯ್ಯನ ದಾರಿಗೆ ಒಂದು ರೊಟ್ಟಿ ಹೆಚ್ಚು

ದೇವರಿಗೆ ನಗಬೇಕು ಅನಿಸಿದಾಗಲೆಲ್ಲ ಜಮಖಂಡಿಯ ನಮ್ಮ ಓಣಿಯ ಕಡೆ ಒಮ್ಮೆ ಬಗ್ಗಿ ನೋಡುತ್ತಾನೆ ಅಂತ ಕಾಣುತ್ತದೆ. ನಮ್ಮ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುವುದರಿಂದ ಅವನಿಗೆ ಹುಡುಕುವ ತ್ರಾಸೂ ಇಲ್ಲ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂಡುವವಳು. ಬೆಳಗ್ಗೆ ಲಿಂಗಪೂಜೆ, ಹಗಲು ಕಚೇರಿ, ಸಂಜೆ ಮಠದಲ್ಲಿ ಪ್ರವಚನ. ಮೂರೂ ಕೂತು ಮಾಡುವ ಕೆಲಸಗಳೇ. ಹೀಗಾಗಿ ಭಕ್ತಿಯ ಜೊತೆಗೆ ಮೈಯೂ ಬೆಳೆದಿತ್ತು.

ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಹತ್ತಿರ ನಡೆದುಕೊಂಡು ಹೋಗುವುದು ನಮ್ಮ ಭಾಗದವರ ಪದ್ಧತಿ. ಅಲ್ಲಿಯ ಅಮ್ಮನವರು ನಮ್ಮ ಕಡೆಯ ಮಗಳು ಅಂತ ನಂಬಿಕೆ. ತವರಿನವರು ಸೀರೆ ಒಯ್ದು ಕೊಡಬೇಕು. ಹಿಂದಿನ ವರ್ಷ ಬನಹಟ್ಟಿಯಿಂದ ಸೀರೆ ತಂದು ಗಂಟು ಕಟ್ಟಿಕೊಂಡು ಹೊರಟೆ. ಬೀಳಗಿ ಮುಟ್ಟುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಾಯಿತು. ಸೀರೆಯನ್ನು ಬೇರೆಯವರ ಕೈಗಿಟ್ಟು ಬಸ್ಸು ಹತ್ತಿ ಮನೆಗೆ ಬಂದೆ. ತವರಿನವಳು ತಾನು ಹೋಗದೆ ಮಗಳಿಗೆ ಸೀರೆ ಪಾರ್ಸಲ್ ಮಾಡಿದ ಹಾಗಾಯಿತಲ್ಲ ಅಂತ ಅತ್ತುಬಿಟ್ಟೆ. ಅದೂ ಅಂಚೆ ಕಚೇರಿಯವಳು!

ಮುಧೋಳದ ಡಾಕ್ಟರಬಾಯಿ ಮೊಣಕಾಲು ಒತ್ತಿ ನೋಡಿ ಹೇಳಿದರು: "ಅಕ್ಕಾರ, ಹತ್ತು ಕಿಲೋ ಇಳಿಸ್ರಿ, ಆಮ್ಯಾಲೆ ಹೊಂಡ್ರಿ. ಇಲ್ಲಂದ್ರ ಮುಂದಿನ ಸಲಾನೂ ಬೀಳಗೀನ ನಿಮ್ಮ ಶ್ರೀಶೈಲ."

ಅಮ್ಮನವರಿಗೆ ಇನ್ನೊಂದು ಸೀರೆ ತಂದು ದೇವರ ಮುಂದಿಟ್ಟೆ. ಈ ಸಲ ನನ್ನ ಕೈಯಾರೆ ಕೊಡುತ್ತೇನೆ ಅಂತ ಹರಕೆ ಹೊತ್ತೆ. ಮುಂದಿನದೆಲ್ಲ ಆ ಹರಕೆಯಿಂದಲೇ ಆದದ್ದು.

ಯಂತ್ರಕ್ಕೆ ದೃಷ್ಟಿ

ಮೊದಮೊದಲು ತೂಕ ಚಂದಾಗಿ ಇಳಿಯಿತು. ಐದಾರು ಕಿಲೋ ಹೋದ ಮೇಲೆ, ಮನೆಗೆ ತಂದಿಟ್ಟ ತೂಕದ ಯಂತ್ರದ ಮುಳ್ಳು ನಿಂತುಬಿಟ್ಟಿತು. ನಾನು ಒಂದು ರೊಟ್ಟಿಯಿಂದ ಅರ್ಧಕ್ಕೆ ಬಂದೆ, ಅರ್ಧದಿಂದ ಕಾಲಿಗೆ ಬಂದೆ. ರೊಟ್ಟಿ ಅಮಾವಾಸ್ಯೆಯ ಕಡೆ ಸವೆಯುತ್ತ ಹೋಯಿತು, ನಾನು ಮಾತ್ರ ಹುಣ್ಣಿಮೆಯಾಗಿಯೇ ಉಳಿದೆ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಪ್ರಮಾಣವಿಲ್ಲದೆ ಏನನ್ನೂ ಒಪ್ಪುವವರಲ್ಲ. ಅಂಗಡಿಯಲ್ಲಿ ತೂಗಿಸಿ ಒಂದು ಪೆಂಟಿ ಬೆಲ್ಲ ತಂದು ಯಂತ್ರದ ಮೇಲಿಟ್ಟು ನೋಡಿದರು. "ಬೆಲ್ಲದ ತೂಕ ಬರೋಬರಿ ತೋರಸಾಕತ್ತೈತಿ. ಯಂತ್ರದ್ದು ತಪ್ಪಿಲ್ಲ, ನಿಂದ ತಪ್ಪು" ಅಂದರು.

ನಮ್ಮ ಅತ್ತೆ ಬೇರೆ ತೀರ್ಪು ಕೊಟ್ಟರು. "ಸುಮ್ನಿರೋ ತಮ್ಮಾ. ದಿನಾ ಓಣ್ಯಾಗಿನ ಹೆಂಗಸರೆಲ್ಲ ಬಂದು ಇದರ ಮ್ಯಾಲೆ ನಿಂತು ಹೋಗತಾರ. ಯಂತ್ರಕ್ಕ ದೃಷ್ಟಿ ಆಗೇತಿ."

ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಎದ್ದು ಮನೆಮಂದಿಯೆಲ್ಲ ಸೀನಿದೆವು. ನಮ್ಮವರು ಸೀನುತ್ತ ಸೀನುತ್ತಲೇ ಯಂತ್ರದ ಮೇಲೆ ಹತ್ತಿ ನಿಂತು ಕೂಗಿದರು: "ಯವ್ವಾ, ಒಂದೊಂದು ಸೀನಿಗೂ ಮುಳ್ಳು ಹಿಂದಕ್ಕ ಹೊಂಟೈತಿ! ಇನ್ನೊಂದಿಷ್ಟು ಮೆಣಸಿನಕಾಯಿ ಸುಡು!"

ಮೈಯೊಳಗಿನ ಹಿರಿಯ

ಮತ್ತೆ ಮುಧೋಳಕ್ಕೆ ಹೋದೆವು. "ದಿನಾ ಏನು ಉಣ್ತೀರಿ, ಖರೆ ಹೇಳ್ರಿ" ಅಂದರು ಡಾಕ್ಟರಬಾಯಿ. ಮಧ್ಯಾಹ್ನ ಕಾಲು ರೊಟ್ಟಿ, ರಾತ್ರಿ ತಿಳಿಸಾರು, ಸೋಮವಾರ ಬರೀ ತೀರ್ಥ ಅಂದೆ.

"ಉಪವಾಸ ಸೋಮವಾರ ಅಷ್ಟ ಏನ್ರಿ?"

"ಅಮಾಸಿ, ಹುಣ್ಣಿವಿ, ಪ್ರದೋಷ ಬ್ಯಾರೆ ಅದಾವ್ರಿ."

ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ಮನ್ಯಾಗ ಹಿಂದಕ ಹಗೇವು ಇತ್ತೇನ್ರಿ?"

"ಇತ್ತಲ್ರಿ. ನೆಲದಾಗ ತೆಗ್ಗು ತಗದು ಜೋಳ ತುಂಬಿ ಮ್ಯಾಲೆ ಕಲ್ಲು ಮುಚ್ಚತಿದ್ರಂತ."

"ಬರ ಬಂತು ಅಂದ್ರ ಹಿರ್ಯಾರು ಏನು ಮಾಡತಿದ್ರು?"

"ಬಿಗಿ ಮುಚ್ಚತಿದ್ರು. ಒಂದು ಸೇರು ಜೋಳ ತಗಿಯಾಕೂ ಜಗಳ ಆಗತಿತ್ತಂತ."

"ನಿಮ್ಮ ಮೈಯಾಗೂ ಅಂಥಾ ಒಬ್ಬ ಹಿರ್ಯಾ ಕುಂತಾನ. ನೀವು ಕಾಲು ರೊಟ್ಟಿ ಕೊಟ್ಟೀರಿ. ಬರ ಬಿತ್ತು ಅಂತ ಅಂವ ಹಗೇವು ಮುಚ್ಚಿ, ಅದರ ಮ್ಯಾಲೆ ಹಾಸಿಗಿ ಹಾಸಿ ಮಲಗ್ಯಾನ. ಹೊತ್ತಿಗೆ ಸರಿಯಾಗಿ ಉಣ್ರಿ. ಒಂದು ರೊಟ್ಟಿ ಹೆಚ್ಚು ಮಾಡ್ರಿ, ಕಾಳಪಲ್ಯೆ, ಮಸರು, ಒಂದು ಹಿಡಿ ಶೇಂಗಾ ತಿನ್ರಿ, ದಿನಾ ನಡೀರಿ. ಸುಗ್ಗಿ ಬಂತು ಅಂತ ನಂಬಿಕಿ ಬಂದ್ರ ಅಂವನಾ ಎದ್ದು ಕಲ್ಲು ಸರಸ್ತಾನ."

ನಮ್ಮವರಿಗೆ ತಡೆಯಲಾಗಲಿಲ್ಲ. "ಮೇಡಮ್ಮಾರ, ಟಾಕಿ ತುಂಬಿ ಹರಿಯಾಕತ್ತೈತಿ ಅಂತ ನಿಮ್ಮ ಕಡೆ ಬಂದ್ರ ಇನ್ನೊಂದು ನಳ ಬಿಡ್ರಿ ಅಂತೀರಲ್ಲ, ಇದು ಯಾವ ಗಣಿತರೀ?"

"ಗಣಿತಕ್ಕ ಹಸಿವಿ ಆಗೂದಿಲ್ಲ ಮಾಸ್ತರ, ಮನಶ್ಯಾರಿಗೆ ಆಗತೈತಿ" ಅಂದರು ಅವರು.

ಬಸ್ಸಿನಲ್ಲಿ ನಮ್ಮವರು ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ ಗಂಭೀರವಾಗಿ ಕೂತಿದ್ದರು. ನನ್ನದೇ ಚಿಂತೆ ಇರಬೇಕು, ಎಂಥ ಗಂಡನನ್ನು ಕೊಟ್ಟೆಯಪ್ಪ ಶಿವನೇ ಅಂತ ನನ್ನ ಕಣ್ಣು ಒದ್ದೆಯಾಯಿತು. ಜಮಖಂಡಿ ಸಮೀಪ ಬಂದಾಗ ಅವರು ನಿಟ್ಟುಸಿರು ಬಿಟ್ಟು ಹೇಳಿದರು:

"ಎಂಥಾ ಛಲೋ ಜಡ್ಡು ಇದು! ನನಗ್ಯಾಕ ಬರಲಿಲ್ಲ?"

ಯಾರ ಹಿಡಿ?

ಸುದ್ದಿ ಕೇಳಿ ಅತ್ತೆ ಸೆರಗು ಕೊಡವಿ ಎದ್ದರು. "ಉಣ್ಣು ಅಂತ ಹೇಳಿಸ್ಕೊಳ್ಳಾಕ ಮುಧೋಳ ತನಕ ಹೋಗಿದ್ರೇನು? ನೀ ಸೊಸಿಯಾಗಿ ಬಂದಾಗಿನಿಂದ ನಾ ಒಲಿ ಮುಂದ ಕುಂತು ಅದನ್ನ ಹೇಳಾಕತ್ತೇನಿ. ಬಾಗಿಲಿಗೆ ನನ್ನ ಹೆಸರಿಂದೂ ಒಂದು ಬೋರ್ಡ್ ಹಾಕಸರಿ."

ಆಮೇಲೆ ಶೇಂಗಾದ ಡಬ್ಬಿ ಮುಂದಿಟ್ಟುಕೊಂಡು ಕೂತರು. "ಒಂದು ಹಿಡಿ ಅಂದ್ರ ಯಾರ ಹಿಡಿ?"

"ನನ್ನ ಹಿಡೀನ ಇರಬೇಕ್ರಿ ಅತ್ತಿ."

"ನಿಂದು ಗುಬ್ಬಿ ಹಿಡಿ. ನಂದು ವಯಸ್ಸಾಗಿ ಮುದುಡೇತಿ. ಔಷಧ ಅಂದ ಮ್ಯಾಲೆ ಅಳತಿ ಕಡಿಮಿ ಬೀಳಬಾರದು." ಮಗನನ್ನು ಕರೆದರು. ನಮ್ಮವರ ಅಂಗೈ ಮೊರದಷ್ಟು ಅಗಲ. ಅವರು ಒಂದೇ ಒಂದು ಹಿಡಿ ತೆಗೆದರು. ನನ್ನ ಬಟ್ಟಲು ತುಂಬಿ ತಾಟಿಗೆ ಚೆಲ್ಲಿತು.

ರೊಟ್ಟಿಯದೂ ಅದೇ ಕಥೆ. ಡಾಕ್ಟರಬಾಯಿ ಒಂದೇ ಹೆಚ್ಚು ಮಾಡಲು ಹೇಳಿದ್ದರು. ಅತ್ತೆ ಆ ಒಂದನ್ನು ಹಂಚಿನ ಅಂಚು ಮೀರಿ ಬಡಿದು, "ಎಣಿಸಿಕೋ, ಒಂದ ಐತಿ" ಅನ್ನುತ್ತಿದ್ದರು.

ನಾನು ಬೇಕಾದಷ್ಟೇ ಮುರಿದುಕೊಂಡು ಉಳಿದದ್ದನ್ನು ಸರಿಸುತ್ತಿದ್ದೆ. ಉಣ್ಣುವುದೆಲ್ಲ ಶಿವನ ಪ್ರಸಾದ, ಚೆಲ್ಲಿದರೆ ಪಾಪ. ಹೀಗಾಗಿ ತಾಟು ಪ್ರತಿದಿನ ನಮ್ಮವರ ಕಡೆ ಸರಿಯಿತು. ಸಾಕು ಮಾಡಿರಿ ಅಂದರೆ, ಬಾಯಿ ತುಂಬ ಶೇಂಗಾ ಇಟ್ಟುಕೊಂಡೇ ಅವರ ಉತ್ತರ:

"ನನಗೇನು ಆಶಾ ಇಲ್ಲ. ನಿನಗ ಪಾಪ ಹತ್ತಬಾರದು ಅಂತ ಉಣ್ಣಾಕತ್ತೇನಿ."

ಬದಲಿ ಉಪವಾಸ

ಇನ್ನೊಂದು ಕಷ್ಟ ಉಳಿದಿತ್ತು. ಯಾತ್ರೆ ಮುಗಿಯುವ ತನಕ ಉಪವಾಸ ಬೇಡ ಅಂದಿದ್ದರು ಡಾಕ್ಟರಬಾಯಿ. ಮದುವೆಗೆ ಮೊದಲಿನಿಂದ ಹಿಡಿದ ಸೋಮವಾರ! ಬಿಟ್ಟರೆ ಮಲ್ಲಯ್ಯನಿಗೆ ಯಾವ ಮುಖ ತೋರಿಸಲಿ? ಹೆದರುತ್ತ ಹೋಗಿ ಮಠದ ಸ್ವಾಮಿಗಳಾದ ಅಜ್ಜಾರ ಪಾದಕ್ಕೆ ಬಿದ್ದೆ.

ಅಜ್ಜಾರು ನಕ್ಕರು. "ಉಣ್ಣವ್ವ. ನಿನ್ನ ಹೊಟ್ಟಿ ಸುಟ್ಟು ಮಲ್ಲಯ್ಯಗ ಆಗಬೇಕಾದ್ದೇನೂ ಇಲ್ಲ. ವ್ರತ ಮುರೀತು ಅಂತ ಮನಸ್ಸಿಗೆ ಹತ್ತಿದ್ರ ಮನ್ಯಾಗ ಮಾಸ್ತರ ಅದಾನಲ್ಲ, ಅರ್ಧಾಂಗ. ನಿನ್ನ ಬದಲಿ ಅಂವ ಹಿಡೀಲಿ."

ನಮ್ಮವರು ಮೊದಲು ಬೆಚ್ಚಿದರು. ಆಮೇಲೆ, "ಅಜ್ಜಾರ ಅಪ್ಪಣಿ ಮೀರಬಾರದು" ಅಂದರು. ಸೋಮವಾರ ಬಂತು. ಮಗ ಉಪವಾಸ ಇದ್ದಾನೆ ಅಂತ ಅತ್ತೆಗೆ ಕರುಳು ಚುರುಕ್ ಅಂದಿತು. ಬೆಳಗ್ಗೆ ಸಾಬೂದಾಣಿ ಖಿಚಡಿ, ಶಾಲೆಗೆ ಹೊರಡುವಾಗ ಬಾಳೆಹಣ್ಣಿನ ಸೀಕರಣಿ, ಮಧ್ಯಾಹ್ನದ ಡಬ್ಬಿಗೆ ಶೇಂಗಾದ ಉಂಡಿ, ಬಟಾಟಿ ಹಪ್ಪಳ, ಸಂಜೆಗೆ ಕೆನೆ ಹಾಲು. ಎಲ್ಲವೂ ಉಪವಾಸಕ್ಕೆ ನಡೆಯುವಂಥವೇ. ಧರ್ಮಕ್ಕೆ ಎಲ್ಲಿಯೂ ಚ್ಯುತಿ ಇಲ್ಲ.

ಕಚೇರಿಯಿಂದ ಬಂದು ನೋಡಿದರೆ ನಮ್ಮವರು ಚಾಪೆಯ ಮೇಲೆ ಅಂಗಾತ ಬಿದ್ದಿದ್ದಾರೆ. ಹೆದರಿ ಹಣೆ ಮುಟ್ಟಿದೆ. "ನಿಶ್ಶಕ್ತಿ ಆತೇನ್ರೀ? ಏಳಾಕ ಬರವಲ್ದೇನು?"

"ಏಳಾಕ ಬರವಲ್ದು ಖರೆ" ಅಂದರು ಕಣ್ಣು ಮುಚ್ಚಿಯೇ. "ಹೊಟ್ಟಿ ಬಿಡವಲ್ದು. ಇರಲಿ, ನಿನ್ನ ಸಲುವಾಗಿ ಅಮಾಸಿ, ಹುಣ್ಣಿವೀನೂ ನಾನಾ ಹಿಡೀತೇನಿ."

ಓಣಿಗೆ ಹಬ್ಬಿದ ಔಷಧ

ಕೊನೆಗೊಂದು ಬೆಳಗ್ಗೆ ಮುಳ್ಳು ಅಲ್ಲಾಡಿತು. ನನ್ನೊಳಗಿನ ಹಿರಿಯ ಕಲ್ಲು ಸರಿಸಿದ್ದ. ಮಲ್ಲಯ್ಯನಿಗೆ ಕಾಯಿ ಒಡೆದೆ. ಉಂಡು ತೂಕ ಇಳಿಸುತ್ತಾಳಂತೆ ಅನ್ನುವ ಸುದ್ದಿ ಊರೆಲ್ಲ ಹಬ್ಬಿ, ಕೌಂಟರಿಗೆ ಬಂದವರು ಸ್ಟಾಂಪು ಬಿಟ್ಟು ಇದನ್ನೇ ಕೇಳತೊಡಗಿದರು. ಒಬ್ಬ ಅಕ್ಕನವರಿಗೆ ನಾನು ಎಲ್ಲ ಬಿಡಿಸಿ ಹೇಳಿ ಕಳಿಸಿದ್ದೆ. ಕೆಲವು ದಿನ ಬಿಟ್ಟು ಸಿಟ್ಟಾಗಿ ಬಂದರು.

"ನೀವು ಹೇಳಿದಂಗ ಮಾಡಿದೆ. ಇಳಿಯೂದು ಬಿಡ್ರಿ, ಏರೇತಿ!"

"ಏನು ತಿಂದ್ರಿ?"

"ಮೊದಲು ಉಣ್ಣತಿದ್ದದ್ದು ಉಂಡೆ. ಅದರ ಮ್ಯಾಲೆ ದಿನಾ ಒಂದು ಪ್ಲೇಟು ಮಿರ್ಚಿ ಭಜಿ."

"ಶಿವಾ! ದಿನಾ ನಡೀರಿ ಅಂತ ಹೇಳಿದ್ನಲ್ರಿ?"

"ನಡದೇನ್ರಿ" ಅಂದರು ಆಕೆ. "ಭಜಿ ಅಂಗಡಿ ಏನು ಮನ್ಯಾಗ ಐತೇನು?"

ಟೆಂಪೋದೊಳಗಿನ ಅಪ್ಪಾರು

ಹೊರಡುವ ಮುಂಚೆ ಡಾಕ್ಟರಬಾಯಿ ನನ್ನನ್ನು ಯಂತ್ರ ಹತ್ತಿಸಿ, ಹತ್ತು ಕಿಲೋ ಇಳಿದದ್ದು ನೋಡಿ, ಮೊಣಕಾಲು ಒತ್ತಿ, "ಹೋಗಿ ಬರ್ರಿ. ನಿಧಾನ ನಡೀರಿ, ಉಪವಾಸ ಬೀಳಬ್ಯಾಡ್ರಿ" ಅಂದರು. ಪಕ್ಕದಲ್ಲಿದ್ದ ನಮ್ಮವರು ಚೇಷ್ಟೆಗೆಂದು ತಾವೂ ಯಂತ್ರ ಹತ್ತಿದರು. ಡಾಕ್ಟರಬಾಯಿ ಮುಳ್ಳನ್ನು ನೋಡಿದರು, ಅವರನ್ನು ನೋಡಿದರು. "ಅಕ್ಕಾರ ಕಳಕೊಂಡದ್ದು ಎಲ್ಲಿ ಹೋತು ಅಂತ ಈಗ ತಿಳೀತು. ಮಾಸ್ತರ, ನೀವು ನಡಿಯೂ ಹಂಗಿಲ್ಲ. ಗಾಡ್ಯಾಗ ಹೋಗ್ರಿ."

ನಮ್ಮ ಗುಂಪಿನ ಹಿಟ್ಟು, ಪಾತ್ರೆ, ಹಾಸಿಗೆ ಹೇರಿಕೊಂಡು ಒಂದು ಟೆಂಪೋ ಜೊತೆಗೆ ಬರುತ್ತಿತ್ತು. ಹಾಸಿಗೆಯ ಗಂಟುಗಳ ಮೇಲೆ ನಮ್ಮವರನ್ನು ಕೂಡಿಸಿದೆವು. ಯಾತ್ರೆಗೆಂದು ಬಿಟ್ಟ ಗಡ್ಡ, ಹಣೆ ತುಂಬ ವಿಭೂತಿ, ಬಿಸಿಲಿಗೆ ಹೊದ್ದ ಕಾವಿ ಶಾಲು, ಇವೆಲ್ಲದರ ನಡುವೆ ಆ ಹೊಟ್ಟೆ. ಇಳಕಲ್ಲು ದಾಟಿದ ಮೇಲೆ ದಾರಿಯ ಹಳ್ಳಿಗಳಲ್ಲಿ ಮಜ್ಜಿಗೆ, ಹೋಳಿಗೆ ಹಿಡಿದು ಯಾತ್ರಿಕರ ಸೇವೆಗೆ ನಿಂತ ಜನ ಟೆಂಪೋ ನಿಲ್ಲಿಸಿ ಇವರ ಪಾದಕ್ಕೆ ಬೀಳತೊಡಗಿದರು.

"ಏ, ಬ್ಯಾಡ್ರಿ, ನಾ ಸ್ವಾಮಿ ಅಲ್ಲ, ಸಾಲಿ ಮಾಸ್ತರ!"

"ದೊಡ್ಡವರು ಹಿಂಗಾ ಅಂತಾರ" ಅಂತ ಜನ ಇನ್ನೊಮ್ಮೆ ಬಿದ್ದರು, ಇನ್ನೊಂದು ಹೋಳಿಗೆ ಇಟ್ಟರು. ಎರಡು ಹಳ್ಳಿ ದಾಟುವಷ್ಟರಲ್ಲಿ ನಮ್ಮವರು ವಾದ ಬಿಟ್ಟು ಬರೀ ಕೈ ಎತ್ತತೊಡಗಿದ್ದರು. ಧೂಳು ಕುಡಿಯುತ್ತ ಹಿಂದೆ ನಡೆಯುತ್ತಿದ್ದ ನನ್ನನ್ನು ಒಬ್ಬಳು ಕೇಳಿದಳು: "ಅಪ್ಪಾರ ಸೇವಾಕ್ಕ ಇರಾಕಿ ನೀವ ಏನ್ರಿ?" ಹೌದವ್ವ ಅಂದೆ. ಸುಳ್ಳೇನಲ್ಲವಲ್ಲ.

ಲಿಂಗಸುಗೂರಿನ ಹತ್ತಿರ ಮೊಣಕಾಲು ಮತ್ತೆ ಬಾತಿತು. ಹೆಜ್ಜೆ ಊರಿದರೆ ಜೀವ ಹೋಗುತ್ತಿತ್ತು. ಒಂದು ಹಳ್ಳಿಯಲ್ಲಿ ಟೆಂಪೋ ನಿಂತಿತ್ತು, ಸುತ್ತ ಜನ ನೆರೆದಿದ್ದರು. ನಮ್ಮವರು ಮೇಲಿನಿಂದ ಕೈ ಚಾಚಿ ಮೆಲ್ಲಗೆ, "ಹತ್ತು. ಅಮ್ಮನವರು ಏನೂ ಅನ್ನೂದಿಲ್ಲ" ಅಂದರು. ಸೀರೆಯ ಗಂಟು ಕಂಕುಳಲ್ಲಿಟ್ಟು ಒಂದು ಕಾಲು ಟೆಂಪೋದ ಮೇಲಿಟ್ಟೆ. ಕಣ್ಣು ತುಂಬಿ ಬಂತು. ಮಲ್ಲಯ್ಯಾ, ನಡೆಸುವವನೂ ನೀನೇ, ಹತ್ತಿಸುವವನೂ ನೀನೇ, ಏನಾದರೂ ಒಂದು ಸನ್ನೆ ಮಾಡು ಅಂತ ಬೇಡಿಕೊಂಡೆ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು, ನನಗಿಂತ ದಪ್ಪನೆಯ ಒಬ್ಬ ಹೆಣ್ಣುಮಗಳು ಬಂದು ನಮ್ಮವರಿಗೆ ಕೈ ಮುಗಿದಳು. "ಅಪ್ಪಾರ, ಏನು ಮಾಡಿದ್ರೂ ಮೈ ಇಳಿವಲ್ದ್ರಿ. ಉಪವಾಸ ಬಿದ್ದು ಬಿದ್ದು ಸಾಕಾಗೇತಿ. ಏನರ ಒಂದು ದಾರಿ ಹೇಳ್ರಿ."

ನಮ್ಮವರು ಕಣ್ಣು ಮುಚ್ಚಿದರು. ಕೈ ಎತ್ತಿದರು. ಗಂಭೀರವಾಗಿ ನುಡಿದರು: "ಉಪವಾಸ ಬಿಡು ತಾಯಿ. ಉಣ್ಣು. ಉಂಡ್ರ ಇಳೀತೈತಿ."

ಆಕೆ ಅವರನ್ನು ಪಾದದಿಂದ ಗಡ್ಡದ ತನಕ ಒಮ್ಮೆ ನೋಡಿದಳು. ನಡುವೆ ಹೊಟ್ಟೆಯ ಹತ್ತಿರ ಅವಳ ನೋಟ ಬಹಳ ಹೊತ್ತು ನಿಂತಿತು. ಆಮೇಲೆ ಬಲು ಕನಿಕರದಿಂದ ಕೇಳಿದಳು:

"ಹಂಗಾರ ಅಪ್ಪಾರ, ನೀವು ಇನ್ನೂ ಉಂಡಿಲ್ಲೇನ್ರಿ?"

ನಾನು ನಕ್ಕ ನಗುವಿಗೆ ಟೆಂಪೋ ಅಲ್ಲಾಡಿತು. ಇಟ್ಟ ಕಾಲು ತಾನಾಗಿಯೇ ಕೆಳಗಿಳಿಯಿತು. ಇದಕ್ಕಿಂತ ದೊಡ್ಡ ಸನ್ನೆ ಮಲ್ಲಯ್ಯ ಹೇಗೆ ಮಾಡಿಯಾನು? ಆ ಹೆಣ್ಣುಮಗಳೇ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು, ರಾತ್ರಿ ತನ್ನ ಮನೆಯ ಪಡಸಾಲೆಯಲ್ಲಿ ಮಲಗಿಸಿಕೊಂಡಳು. ಮರುದಿನದಿಂದ ಕುಂಟುತ್ತ, ನಗುತ್ತ ನಡೆದೇ ಶ್ರೀಶೈಲ ಮುಟ್ಟಿದೆ.

ಸೀರೆಯನ್ನು ನನ್ನ ಕೈಯಾರೆ ಅಮ್ಮನವರಿಗೆ ಒಪ್ಪಿಸಿದೆ. ಬೇಡಿಕೊಳ್ಳೋಣ ಅಂತ ಕಣ್ಣು ಮುಚ್ಚಿದರೆ ಆ ಹೆಣ್ಣುಮಗಳ ಕನಿಕರದ ಮುಖ ಎದುರಿಗೆ ಬಂತು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ; ಮೈಯೆಲ್ಲ ಗಡಗಡ ಅಲುಗಿತು, ಕಣ್ಣಲ್ಲಿ ನೀರು ಸುರಿಯಿತು. ಪಕ್ಕದಲ್ಲಿ ನಿಂತ ನಮ್ಮವರಿಗೆ ಕಾರಣ ಗೊತ್ತು. ಅವರು ಬೇರೆ ಕಡೆ ನೋಡಿದರು. ಪೂಜಾರಿಗಳಿಗೆ ಗೊತ್ತಿಲ್ಲ. ಅವರು ನಮ್ಮವರಿಗೆ ಮೆಲ್ಲಗೆ ಹೇಳಿದರು:

"ಎಂಥಾ ಭಕ್ತಿ! ಇವರನ್ನು ನೋಡಿ ನೀವೂ ಸ್ವಲ್ಪ ಕಲಿಯಿರಿ, ಸ್ವಾಮಿಗಳೇ."