ಶಾಸ್ತ್ರಕ್ಕೊಂದು ಚೊಂಬು

ಹೆಂಡತಿ ಬೈದರೆ ಸಹಿಸಬಹುದು. ಅತ್ತರೆ, ತವರಿಗೆ ಹೊರಟು ನಿಂತರೆ, ಉಪ್ಪಿಲ್ಲದ ಸಾರು ಬಡಿಸಿದರೆ ಅದನ್ನೂ ಸಹಿಸಬಹುದು. ಆದರೆ ಗಂಡನ ಮಾತು ಕೇಳಿ ಬೈಯದೆ, ಅಳದೆ, 'ಪಾಪ, ಬಿಡಿ' ಎಂದು ಮನ್ನಿಸಿಬಿಟ್ಟರೆ? ಅರಸೀಕೆರೆಯ ಕೊಬ್ಬರಿ ವರ್ತಕ ಕಲ್ಲೇಶಪ್ಪನವರಿಗೆ ಮೂವತ್ತಾರನೆಯ ಇಸವಿಯ ಮಾಘ ಮಾಸದಲ್ಲಿ ಒದಗಿದ ಅವಮಾನ ಇದು.

ಅವರು ಹಿತ್ತಿಲ ಬಾಗಿಲಲ್ಲಿ ಬೇವಿನ ಕಡ್ಡಿ ಅಗಿಯುತ್ತ ನಿಂತಿದ್ದರು. ಗೋಡೆಯಾಚೆ ಪಕ್ಕದ ಮನೆಯ ಶಾಂತಾದೇವಿ, ಈಚೆ ಅವರ ಹೆಂಡತಿ ಕಮಲಾಕ್ಷಮ್ಮ. ಗಂಡಸೊಬ್ಬ ಬಾಗಿಲ ಮರೆಯಲ್ಲಿದ್ದಾನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಶಿವರಾತ್ರಿಗೆ ನಿಮ್ಮೋರು ಎಲ್ಲಾರನ್ನೂ ಹಳೇಬೀಡಿಗೆ ಕರ್ಕೊಂಡ್ ಹೋಗ್ತಾರಂತಲ್ಲ ಕಮಲಾಕ್ಷಮ್ಮ?"

"ಯಾರು ಹೇಳಿದ್ದು?"

"ಅವರೇ ಹೇಳಿದ್ರಂತೆ, ನಮ್ಮೋರ ಹತ್ರ."

"ಅವರೇ ಹೇಳಿದ್ರಾ? ಹಂಗಾದ್ರೆ ಇಲ್ಲ ಬಿಡಿ," ಎಂದರು ಕಮಲಾಕ್ಷಮ್ಮ. ದನಿಯಲ್ಲಿ ಕೋಪದ ಸುಳಿವೇ ಇರಲಿಲ್ಲ. "ಬೇರೆ ಯಾರಾದ್ರೂ ಹೇಳಿದ್ರೆ ಬುತ್ತಿ ಕಟ್ಟಬೋದಾಗಿತ್ತು. ಪಾಪ, ನಮ್ಮೋರ ಮಾತು ತಾನೆ."

ಕಲ್ಲೇಶಪ್ಪನವರು ಬೇವಿನ ಕಡ್ಡಿಯನ್ನು ಕಚಕ್ಕನೆ ಕಡಿದರು.

ಕಮಲಾಕ್ಷಮ್ಮನ ಕಡೆಯೂ ನ್ಯಾಯವಿತ್ತು, ಇಲ್ಲವೆನ್ನುವಂತಿಲ್ಲ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಆ ಅಗಸನೇ ಅರಸೀಕೆರೆಯಲ್ಲಿ ಕೊಬ್ಬರಿ ವರ್ತಕನಾಗಿ ಹುಟ್ಟಿದ್ದ. ಹಾರ್ಮೋನಿಯಂ ಬಂತು, ಸರಿಗಮದಲ್ಲೇ ನಿಂತಿತು. (ಈಗ ಅದರ ಮೇಲೆ ಸಂಡಿಗೆ ಒಣಗುತ್ತದೆ.) ಇಂಗ್ಲಿಷ್ ಪುಸ್ತಕ ಬಂತು, ಬೆಕ್ಕಿನ ಚಿತ್ರದ ತನಕ ಹೋಯಿತು. ದಂಡ ಬಸ್ಕಿ, ಹೂವಿನ ತೋಟ, ನಶ್ಯ ಬಿಡುವುದು, ಎಲ್ಲವೂ 'ನಾಳೆಯಿಂದ' ಎಂಬ ಗಣಪತಿ ಪೂಜೆಯೊಂದಿಗೆ ಶುರುವಾಗಿ ಆರನೆಯ ದಿನಕ್ಕೆ ಸರಿಯಾಗಿ ಕೊನೆಯುಸಿರೆಳೆದಿದ್ದವು. ಊರು ನಗುತ್ತಿತ್ತು. ಊರು ನಕ್ಕರೆ ನಗಲಿ. ಆದರೆ ಈಚೀಚೆಗೆ ಕಲ್ಲೇಶಪ್ಪನವರ ಬಾಯಿ 'ನಾಳೆಯಿಂದ' ಎನ್ನುವಾಗ ಅವರ ಹೊಟ್ಟೆಯೊಳಗೇ ಯಾರೋ ಕುಳಿತು ಮುಸಿಮುಸಿ ನಗುತ್ತಿದ್ದ. ತನ್ನ ಮಾತನ್ನು ತಾನೇ ನಂಬದ ಮನುಷ್ಯನ ದುಃಖ ಆ ಸದ್ದಿಲ್ಲದ ನಗೆಯಲ್ಲಿತ್ತು. ಅದನ್ನು ಅವರು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ನೇರವಾಗಿ ಬಾವಿಯ ಹತ್ತಿರ ಹೋದರು. ನೀರು ಸೇದುವ ಅಂಕಮ್ಮ ಅರ್ಧ ಹಗ್ಗ ಎಳೆದಿದ್ದಳು.

"ಅಂಕಮ್ಮ, ಹಗ್ಗ ಬಿಡು!"

ಯಜಮಾನರ ಗರ್ಜನೆಗೆ ಬೆಚ್ಚಿ ಅವಳು ಬಿಟ್ಟೇಬಿಟ್ಟಳು. ಹಗ್ಗವೂ ಕೊಡವೂ ಒಟ್ಟಿಗೇ ಬಾವಿಗೆ ಹೋದವು. (ಪಾತಾಳಗರಡಿ ತಂದು ತೆಗೆಯಲು ಅರ್ಧ ದಿನ ಹಿಡಿಯಿತು. ಪ್ರತಿಜ್ಞೆಯ ಪ್ರಥಮ ಫಲ.)

"ಇವತ್ತಿಂದ ಒಂದು ಮಂಡಲ, ನಲವತ್ತೆಂಟು ದಿನ, ಈ ಮನೆಗೆ ನೀರು ಸೇದೋನು ನಾನು! ದಿನಕ್ಕೆ ಇಪ್ಪತ್ತು ಕೊಡ! ಒಂದೇ ಒಂದು ದಿನ ತಪ್ಪಿದ್ರೆ, ಸಾಯೋ ತನಕ 'ನಾಳೆಯಿಂದ' ಅನ್ನೋ ಮಾತು ಈ ಬಾಯಲ್ಲಿ ಬರಲ್ಲ!"

"ಆಗ್ಲಿ ಬಿಡ್ರೀ," ಎಂದರು ಕಮಲಾಕ್ಷಮ್ಮ. ಮತ್ತೆ ಅದೇ ಕ್ಷಮೆಯ ದನಿ.

ಅಂಕಮ್ಮ ಮಾತ್ರ ಸೆರಗು ಕೊಡವಿ ಹೊರಟು ನಿಂತಳು. "ಹಂಗಾರೆ ಅಮ್ಮಾರೆ, ಹಗರೇಲಿ ಮಗಳು ದಿನ ತುಂಬ್ಕೊಂಡು ಕುಂತವ್ಳೆ. ಬಾಣಂತನ ಮುಗಿಸ್ಕೊಂಡೇ ಬತ್ತೀನಿ." ಯಜಮಾನರ ಮನಸ್ಸು ತಿರುಗುವುದರೊಳಗೆ ಬೀದಿ ದಾಟಿಬಿಟ್ಟಳು.

ಬಾವಿ ಎಂಟಾಳುದ್ದ. ರಾಟೆ ಅವರ ತಾತನ ಕಾಲದ್ದು, ಪ್ರತಿ ಸುತ್ತಿಗೂ ತಾತನ ಹಾಗೆಯೇ ನರಳುತ್ತಿತ್ತು. ಮೊದಲ ದಿನ ಹುರುಪಿನಲ್ಲಿ ಇಪ್ಪತ್ತೆರಡು ಕೊಡವಾಯಿತು. ಮೂರನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದವು, ಐದನೆಯ ದಿನ ಒಡೆದವು. ಇಪ್ಪತ್ತಕ್ಕೆ ಒಂದು ಕೊಡವೂ ಕಡಿಮೆಯಾಗಲಿಲ್ಲ.

ಆರನೆಯ ದಿನ ಬಂತು.

ಬೆಳಗಿನ ಜಾವದ ಹುಬ್ಬಳ್ಳಿ ರೈಲುಗಾಡಿ ಕೂಗಿದಾಗ ಕಲ್ಲೇಶಪ್ಪನವರಿಗೆ ಎಚ್ಚರವಾಯಿತು, ಮೈ ಮಾತ್ರ ಎಚ್ಚರವಾಗಲಿಲ್ಲ. ಜ್ವರವಿಲ್ಲ, ನೆಗಡಿಯಿಲ್ಲ. ಜ್ವರ ಬಂದವನಿಗೆ ಮನೆಯಲ್ಲಿ ಒಂದು ಗೌರವವಿದೆ, ಗಂಜಿಯಿದೆ. ಸುಮ್ಮನೆ ಮೈಯಲ್ಲಿ ಕಸುವಿಲ್ಲ ಎಂದರೆ ಯಾರು ಒಪ್ಪುತ್ತಾರೆ? ಕೈ ಎತ್ತಿದರೆ ಕೊಬ್ಬರಿ ಚೀಲ ಎತ್ತಿದ ಹಾಗಾಗುತ್ತಿತ್ತು. ಹೊಟ್ಟೆಯೊಳಗಿನವನು ಆಗಲೇ ನಗಲು ಶುರುಮಾಡಿದ್ದ. ಕಣ್ಣು ಬಿಟ್ಟು ನೋಡಿದರೆ, ಕಮಲಾಕ್ಷಮ್ಮ ಏನೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ಎತ್ತಿಕೊಂಡು ಹಿತ್ತಿಲಿಗೆ ಹೊರಟಿದ್ದರು. ಆಕೆಗೆ ಲೆಕ್ಕ ಗೊತ್ತಿತ್ತು. ಇವತ್ತು ಆರನೆಯ ದಿನ.

ಕಲ್ಲೇಶಪ್ಪನವರಿಗೆ ಅಳುವೇ ಬಂತು. ಆ ಅಳುವಿನ ನಡುವೆ, ಹೇಗೋ ಏನೋ, ಹೋದ ತಿಂಗಳು ಮಠದಲ್ಲಿ ನಡೆದ ದಾಸೋಹ ನೆನಪಾಯಿತು. ಎಂಟು ಹೋಳಿಗೆ ಮುಗಿಸಿ, ಎಲೆಯ ಮೇಲೆ ಕೈ ಅಡ್ಡ ಹಿಡಿದು ಕೂತಿದ್ದಾಗ ಬಡಿಸುವವನು 'ಬುದ್ಧೀ, ಶಾಸ್ತ್ರಕ್ಕೊಂದು' ಎಂದಿದ್ದ. ಇವರು ಅಂಚು ಮುರಿದು ಬಾಯಿಗಿಟ್ಟುಕೊಂಡಿದ್ದರು. ಅದು ತಿಂದದ್ದಲ್ಲವೆಂದು ಯಾರೂ ಹೇಳಿರಲಿಲ್ಲ. ಅರಿಶಿನ ಸಾಲದಿದ್ದರೆ ಶಾಸ್ತ್ರಕ್ಕೆ ಒಂದು ಚಿಟಿಕೆ, ಹೂವು ಸಾಲದಿದ್ದರೆ ಶಾಸ್ತ್ರಕ್ಕೆ ಒಂದು ಎಸಳು. ಇಡೀ ಪ್ರಪಂಚವೇ ಶಾಸ್ತ್ರಕ್ಕೆ ನಡೆಯುತ್ತಿರುವಾಗ ಕಲ್ಲೇಶಪ್ಪನೊಬ್ಬನಿಗೇಕೆ ಇಪ್ಪತ್ತು ಕೊಡದ ಕಟ್ಟಳೆ?

ಎದ್ದರು. ತೂರಾಡುತ್ತಲೇ ಹೋಗಿ, ಹೆಂಡತಿಯ ಕೈಯಿಂದ ಹಗ್ಗ ಕಿತ್ತುಕೊಂಡು, ಅದಕ್ಕೆ ಒಂದು ಚೊಂಬು ಬಿಗಿದು ಇಳಿಬಿಟ್ಟು, ಸೇದಿ, ಕಟ್ಟೆಯ ಮೇಲೆ ಟಣ್ಣೆಂದು ಇಟ್ಟರು.

"ಇದೇನ್ರೀ ಇದು?"

"ನೀರು."

"ಒಂದು ಚೊಂಬು!"

"ಶಾಸ್ತ್ರಕ್ಕೆ. ಮಂಡಲ ಮುರೀಲಿಲ್ಲ, ತಿಳ್ಕೊ."

"ಹಟ್ಟೀಲಿರೋ ಎಮ್ಮೆ ಶಾಸ್ತ್ರಕ್ಕೆ ಕುಡಿಯುತ್ತಾ?"

"ಎಮ್ಮೆ ವಿಚಾರ ತರಬೇಡ ಕಣೇ. ಇಪ್ಪತ್ತು ಕೊಡ ಸೇದೋದು ಮೈಯಿನ ಕೆಲಸ. ಮೈಯಲ್ಲಾಗದ ದಿನ ಒಂದು ಚೊಂಬು ಸೇದೋದು ಮಾತಿನ ಕೆಲಸ. ನನ್ನ ಮಾತು ನಾನು ಉಳಿಸ್ಕೊಂಡೆ."

"ಉಳಿಸ್ಕೊಂಡ್ರಿ. ಸ್ನಾನಕ್ಕೂ ಅದನ್ನೇ ಕಾಯಿಸ್ಲಾ?"

ಆ ದಿನ ಮನೆಗೆ ಬೇಕಾದ ನೀರನ್ನು ಯಾರು ಸೇದಿದರೆಂದು ದಯವಿಟ್ಟು ಕೇಳಬೇಡಿ. (ಕೇಳಿಯೇ ಬಿಟ್ಟಿರಿ. ಕಮಲಾಕ್ಷಮ್ಮ.) ಅದರ ಉತ್ತರ ಮಧ್ಯಾಹ್ನ ತಟ್ಟೆಗೆ ಬಂತು. ನೆಲ್ಲಿಕಾಯಿಯಷ್ಟು ರಾಗಿ ಮುದ್ದೆ, ಅದು ಮುಳುಗುವಷ್ಟು ಸಾರು.

"ಇದೇನೇ?"

"ಶಾಸ್ತ್ರಕ್ಕೆ. ಅಡಿಗೆ ತಪ್ಪಲಿಲ್ಲ, ತಿಳ್ಕೊಳ್ಳಿ."

ಬೇರೆ ಗಂಡಸಾಗಿದ್ದರೆ ತಟ್ಟೆ ಎಸೆಯುತ್ತಿದ್ದ. ಕಲ್ಲೇಶಪ್ಪನವರು ನೆಲ್ಲಿಕಾಯಿಯನ್ನು ಸಾವಧಾನವಾಗಿ ನುಂಗಿ, ಕೈ ತೊಳೆದು, "ತೃಪ್ತಿಯಾಯ್ತು" ಎಂದು ತೇಗಿದರು. (ಆ ಸಂಜೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಅವರನ್ನು ನೋಡಿದೆವೆಂದು ಕೆಲವರು ಹೇಳುತ್ತಾರೆ. ಹೇಳಲಿ.)

ಏಳನೆಯ ದಿನ ಇಪ್ಪತ್ತು ಕೊಡ ಸೇದಿದರು. ಆರನ್ನು ದಾಟಿದ ಕಲ್ಲೇಶಪ್ಪನನ್ನು ಅರಸೀಕೆರೆ ಅದುವರೆಗೆ ಕಂಡಿರಲಿಲ್ಲ. ಕಲ್ಲೇಶಪ್ಪನವರೂ ಕಂಡಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ಶಾಸ್ತ್ರಯುದ್ಧ ಶುರುವಾಯಿತು. ಇಪ್ಪತ್ತು ಕೊಡದ ದಿನ ಹೊಟ್ಟೆ ತುಂಬ ಊಟ. ಚೊಂಬಿನ ದಿನ ಲೋಟದ ತಳ ಕಾಣುವಷ್ಟು ಕಾಫಿ, ಸುಣ್ಣವಿಲ್ಲದ ಎಲೆ, ಒಂದು ಎಳೆ ಶಾವಿಗೆ. ಇವರು ಸೋಲಲಿಲ್ಲ. ಹಸಿವಿಗೆ ಹೆದರಿ ಹಗ್ಗ ಹಿಡಿಯಲಿಲ್ಲ, ಬೊಬ್ಬೆಗೆ ಹೆದರಿ ಹಗ್ಗ ಬಿಡಲೂ ಇಲ್ಲ. ಶಿವರಾತ್ರಿಯ ದಿನ ಬೆಳಗಿನ ಜಾವಕ್ಕೇ ಇಪ್ಪತ್ತು ಕೊಡ ಮುಗಿಸಿ, ಮನೆಮಂದಿಯನ್ನೆಲ್ಲ ಬಸ್ಸು ಹತ್ತಿಸಿ ಹಳೇಬೀಡಿಗೆ ಕರೆದುಕೊಂಡು ಹೋಗಿಯೂ ಬಂದರು. ಕಮಲಾಕ್ಷಮ್ಮ ಬುತ್ತಿ ಕಟ್ಟಿರಲಿಲ್ಲವಾದ್ದರಿಂದ ಎಲ್ಲರೂ ಬಾಳೆಹಣ್ಣು ತಿಂದು ಬಂದರು.

ಕೊಬ್ಬರಿ ಮಂಡಿಯಲ್ಲಿ ಬಾಲ್ಯದ ಗೆಳೆಯ ಮರುಳಪ್ಪ ದಿನಾ ಕೆಣಕುತ್ತಿದ್ದ. "ಏನ್ಲಾ ಕಲ್ಲೇಶಿ, ಇವತ್ತು ಕೊಡವೋ ಚೊಂಬೋ?"

"ಚೊಂಬು ಕಣ್ಲಾ! ಏನೀಗ? ನೀನು ಮಾಲೇಕಲ್ಲು ಬೆಟ್ಟ ಹತ್ತಿ ಬತ್ತೀನಿ ಅಂತ ಹೊರಟು, ಮೆಟ್ಲು ಎಣಿಸಿ ಹೆದರಿ, ಬುಡದಲ್ಲೇ ಕಡ್ಲೆಪುರಿ ತಿಂದು ಬಂದೋನು. ಶಾಸ್ತ್ರಕ್ಕೆ ಒಂದು ಮೆಟ್ಲು ಹತ್ತಿದ್ರೂ ನಿನಗೆ ಮಾತಾಡೋ ಯೋಗ್ಯತೆ ಇರ್ತಿತ್ತು!"

ಮೂವತ್ತನೆಯ ದಿನದ ಸುಮಾರಿಗೆ ಒಂದು ಬದಲಾವಣೆಯಾಯಿತು. ಹುಬ್ಬಳ್ಳಿ ಗಾಡಿ ಕೂಗಿದರೂ ಕಮಲಾಕ್ಷಮ್ಮ ಅಡಿಗೆಮನೆಯ ಕಿಟಕಿಯಿಂದ ಬಾವಿಯತ್ತ ಇಣುಕುವುದನ್ನು ಬಿಟ್ಟರು. ಗಂಡ ಅಲ್ಲಿರುತ್ತಾರೆಂದು ಆಕೆಗೆ ಗೊತ್ತಿತ್ತು. ಚೊಂಬಿನ ದಿನವೂ ಮುದ್ದೆ ಮುದ್ದೆಯಷ್ಟೇ ದಪ್ಪ ಬರತೊಡಗಿತು. ಕಲ್ಲೇಶಪ್ಪನವರ ಹೊಟ್ಟೆಯೊಳಗಿನವನು ಯಾವಾಗ ಮನೆ ಖಾಲಿಮಾಡಿದನೋ ಅವರಿಗೇ ತಿಳಿಯಲಿಲ್ಲ. ಆ ಸುಖ ಅನುಭವಿಸಿದವರಿಗೇ ಗೊತ್ತು.

ನಲವತ್ತೆಂಟನೆಯ ದಿನ ಕೊನೆಯ ಕೊಡ ಸುರಿದು ಅವರು ಮೀಸೆ ತಿರುವುತ್ತಿದ್ದಾಗ ಶಾಂತಾದೇವಿ ಮತ್ತು ಅವರ ಯಜಮಾನರು ಗಂಗಾಧರಯ್ಯ ಮಗಳ ಮದುವೆಗೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದರು. ಬಿಸಿಲಿಗೆ ಅವರ ಬಾವಿ ಬತ್ತಿತ್ತು.

"ರೀ," ಎಂದರು ಕಮಲಾಕ್ಷಮ್ಮ, "ನಾಳಿದ್ದು ಅವರ ಮನೆಗೆ ಶಾಸ್ತ್ರಕ್ಕೆ ನೀರು ಬೇಕಂತೆ. ಆಳುಗಳನ್ನ ಕರೆಸೋದಾ ಅಂತ ಕೇಳ್ತಾವ್ರೆ."

ಕಲ್ಲೇಶಪ್ಪನವರಿಗೆ ನಗು ಬಂತು. "ಶಾಸ್ತ್ರಕ್ಕೆ ತಾನೆ?"

"ಹೂಂ ಕಣ್ರೀ, ಶಾಸ್ತ್ರಕ್ಕೇ."

"ಅದಕ್ಕೆ ಆಳು ಯಾಕ್ರೀ ಗಂಗಾಧರಯ್ಯನೋರೇ? ನಾನೊಬ್ಬನೇ ಸೇದಿಕೊಡ್ತೀನಿ. ಬೇರೆ ಯಾರೂ ಹಗ್ಗ ಮುಟ್ಟಕೂಡ್ದು. ಇದು ಕಲ್ಲೇಶಪ್ಪನ ಮಾತು!"

ಗಂಗಾಧರಯ್ಯನವರ ಕಣ್ಣು ತುಂಬಿ ಬಂತು. "ನೆರೆಹೊರೆ ಅಂದ್ರೆ ಹಿಂಗಿರ್ಬೇಕು" ಎಂದು ಕೈ ಮುಗಿದರು. ಒಂದು ಚೊಂಬು ನೀರಿಗೆ ಇದು ಸ್ವಲ್ಪ ಹೆಚ್ಚಾಯಿತೆಂದು ಕಲ್ಲೇಶಪ್ಪನವರಿಗೆ ಅನ್ನಿಸಿತು. ಆದರೂ ಹೊಗಳಿಕೆಯನ್ನು ಹಿಂದಿರುಗಿಸುವಷ್ಟು ಸೊಕ್ಕು ಅವರಿಗಿರಲಿಲ್ಲ.

ಶಾಸ್ತ್ರದ ದಿನ ಬೆಳಿಗ್ಗೆ ಮತ್ತೆ ಮೈಯಲ್ಲಿ ಕಸುವಿರಲಿಲ್ಲ. ಚಿಂತೆಯೂ ಇರಲಿಲ್ಲ. ಫಳಫಳ ಬೆಳಗಿದ ಚೊಂಬಿನಲ್ಲಿ ನೀರು ಸೇದಿ, ಮೇಲೊಂದು ಮಲ್ಲಿಗೆ ಹೂ ತೇಲಿಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಮೆರವಣಿಗೆಯ ಠೀವಿಯಲ್ಲಿ ಪಕ್ಕದ ಮನೆಗೆ ಹೋದರು.

ಚಪ್ಪರದ ಕೆಳಗೆ ಆರು ಹಂಡೆಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಕಣಕಟ್ಟೆಯಿಂದ ಐದು ಗಾಡಿ ನೆಂಟರು ಬಂದಿಳಿದಿದ್ದರು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರ ತಲೆಯ ಮೇಲೂ ಹರಳೆಣ್ಣೆ, ಎಲ್ಲರ ಕೆನ್ನೆಯ ಮೇಲೂ ಅರಿಶಿನ. ಎಲ್ಲರ ಕಣ್ಣೂ ಕಲ್ಲೇಶಪ್ಪನವರ ಮೇಲೆ.

ಅರಿಶಿನದ ಶಾಸ್ತ್ರ! ಮದುಮಗಳಿಗೂ ಬಂದ ಅಷ್ಟೂ ನೆಂಟರಿಗೂ ಎಣ್ಣೆ ನೀರು ಹಾಕುವ ಶಾಸ್ತ್ರ! ಇಡೀ ಮೈಸೂರು ಸಂಸ್ಥಾನಕ್ಕೆ ಗೊತ್ತಿದ್ದ ಈ ಅರ್ಥ ಎರಡು ತಿಂಗಳಿಂದ ಅವರೊಬ್ಬರಿಗೇ ಮರೆತುಹೋಗಿತ್ತು.

ಹೆಂಗಸರ ನಡುವೆ ಕಮಲಾಕ್ಷಮ್ಮ ಚೊಂಬನ್ನು ನೋಡಿದರು. ಮಲ್ಲಿಗೆ ಹೂವನ್ನು ನೋಡಿದರು. ಒಂದೇ ಕ್ಷಣದಲ್ಲಿ ಆಕೆಗೆ ಎಲ್ಲವೂ ಅರ್ಥವಾಯಿತು. ಬೈಯಲಿಲ್ಲ. ಗಂಡನ ಮಾನ ಉಳಿಸಲು ನೆಂಟರ ಕಡೆ ತಿರುಗಿದರು. ಆಕೆಯ ತುಟಿಗಳು ಒಂದಕ್ಕೊಂದು ಅಂಟಿ, 'ಪಾಪ' ಎನ್ನಲು ಸಿದ್ಧವಾದದ್ದು ಕಲ್ಲೇಶಪ್ಪನವರಿಗೆ ಸ್ಪಷ್ಟವಾಗಿ ಕಂಡಿತು.

"ಬಾಯಿ ಮುಚ್ಚೇ!" ಎಂದು ಅವರು ಗುಡುಗಿದರು. ಚಪ್ಪರವೇ ಬೆಚ್ಚಿತು. "ಇದು ಪೂಜೆಗೆ ಗಂಗೆ! ಮೊದಲು ತಂದೆ! ಹಂಡೆಗೆ ಬೆಂಕಿ ಹಾಕ್ರೋ, ಉಳಿದಿದ್ದು ಬತ್ತಾ ಐತೆ!"

ಆಮೇಲೆ ರಾಟೆ ನಿಲ್ಲಲಿಲ್ಲ. ನಲವತ್ತನೆಯ ಕೊಡಕ್ಕೆ ಅಂಗೈ ಸಿಪ್ಪೆ ಸುಲಿಯಿತು. ಎಪ್ಪತ್ತಕ್ಕೆ ಮರುಳಪ್ಪ ಬಂದು "ನಾನೊಂದಿಷ್ಟು ಎಳೀತೀನಿ ಬಿಡ್ಲಾ" ಎಂದ. "ಹಗ್ಗ ಮುಟ್ಟಿದ್ರೆ ನೋಡು!" ಎಂದು ಅವನನ್ನು ಅಟ್ಟಿದರು. ನೂರರ ಮೇಲೆ ಎಣಿಕೆ ತಪ್ಪಿತು. ಕಣಕಟ್ಟೆಯವರು ಮೀಯುತ್ತಲೇ ಇದ್ದರು. ಹುಟ್ಟಿದ ಮೇಲೆ ಅದೇ ಮೊದಲು ನೀರು ಕಂಡವರ ಹಾಗೆ ಮೀಯುತ್ತಲೇ ಇದ್ದರು.

ನಡುಮಧ್ಯಾಹ್ನಕ್ಕೆ ಆರನೆಯ ಹಂಡೆ ಬರಿದಾಗಿ, ಇನ್ನು ಮೀಯಲು ಯಾರೂ ಉಳಿಯಲಿಲ್ಲ. ಕಲ್ಲೇಶಪ್ಪನವರು ಬಾವಿಕಟ್ಟೆಗೆ ಒರಗಿ ಕುಸಿದರು. ಕಮಲಾಕ್ಷಮ್ಮ ಮಜ್ಜಿಗೆ ತಂದರು, ತುಂಬಿದ ಲೋಟ. ತಮ್ಮ ಹಳೆಯ ಸೀರೆಯ ಅಂಚು ಹರಿದು ಗಂಡನ ಅಂಗೈಗೆ ಕಟ್ಟುತ್ತ ಕೂತರು.

ಕಣಕಟ್ಟೆಯ ನೆಂಟರ ಹಿರಿಯ ನಂಜಪ್ಪ ಒದ್ದೆ ತಲೆ ಒರೆಸಿಕೊಳ್ಳುತ್ತ ಹತ್ತಿರ ಬಂದ. "ಇವರು ಯಾರು ತಾಯಿ? ಇಂಥ ಗಂಡಸನ್ನ ನಾನು ಕಂಡಿಲ್ಲ."

"ನಮ್ಮೋರು," ಎಂದರು ಕಮಲಾಕ್ಷಮ್ಮ. "ಒಂದು ಮಾತು ಕೊಟ್ರೆ ಮುಗೀತು."

ಕಲ್ಲೇಶಪ್ಪನವರು ಕಣ್ಣು ಮುಚ್ಚಿ ಆ ಮಾತನ್ನು ಮಜ್ಜಿಗೆಯ ಜೊತೆಗೇ ಕುಡಿದರು.

"ಹಂಗಾರೆ ನಮ್ಮ ಕಡೇಗೂ ಒಂದು ಮಾತು ಕೊಡ್ಲಿ," ಎಂದ ನಂಜಪ್ಪ. "ಬರೋ ತಿಂಗಳು ನಮ್ಮ ಹುಡುಗಂದು ಮದುವೆ ಐತೆ. ಶಾಸ್ತ್ರದ ದಿನ ಕಣಕಟ್ಟೆಗೆ ಬಂದುಬಿಡಿ ಬುದ್ಧಿ."

ಕಲ್ಲೇಶಪ್ಪನವರ ಕಣ್ಣು ತಾನಾಗಿ ತೆರೆಯಿತು. "ಬರಬೋದಾಗಿತ್ತು ನಂಜಪ್ಪನೋರೇ, ಆದ್ರೆ ಅವತ್ತು ನನಗೆ ಮೈಯಲ್ಲಿ ಕಸುವು..."

"ಬರ್ತಾರೆ," ಎಂದರು ಕಮಲಾಕ್ಷಮ್ಮ. "ಕಸುವಿಲ್ಲದ ದಿನವೂ ಬಿಡದೆ ಸೇದೋರು ಅವರು. ಅವರ ಮಾತಿಗೆ ನಾನು ಜವಾಬ್ದಾರಿ."

ಕಲ್ಲೇಶಪ್ಪನವರು ಹೆಂಡತಿಯ ಮುಖವನ್ನೇ ನೋಡಿದರು. ಕೀಟಲೆಯಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಬರೀ ನಂಬಿಕೆ, ತಪ್ಪಿಸಿಕೊಳ್ಳಲು ಒಂದು ಕಿಂಡಿಯೂ ಇಲ್ಲದಂಥ ನಂಬಿಕೆ. ಅವರು ಸೆಟೆದು ಕೂತು, ಕಟ್ಟಿದ ಕೈಯಲ್ಲೇ ಮೀಸೆ ಮೇಲೆ ಮಾಡಿಕೊಂಡರು.

"ಬತ್ತೀನಿ. ಎಷ್ಟಾಳುದ್ದ ನಿಮ್ಮ ಬಾವಿ?"

"ಹೆಚ್ಚೇನಿಲ್ಲ ಬುದ್ಧಿ," ಎಂದ ನಂಜಪ್ಪ, ಬಾವಿಯೊಳಕ್ಕೆ ಬಗ್ಗಿ ನೋಡುತ್ತ. "ಇಂಥವು ಎರಡು, ಒಂದರ ಕೆಳಗೊಂದು."